ಗೂಬೆಯ ಎಡಗಣ್ಣು

ಮಾರ್ಚ್ 2, ಭಾನುವಾರ

ಐದು ನಿಮಿಷ ನಲವತ್ತು ಸೆಕೆಂಡು. ಗಡಿಯಾರ ಹಿಡಿದೇ ನೋಡಿದ್ದೇನೆ. ನಮ್ಮ ಹನ್ನೊಂದನೇ ನಂಬರಿನವನು ತಲೆಯಿಂದ ಗುದ್ದಿ ಚೆಂಡನ್ನು ಬಲೆಗೆ ಸೇರಿಸಿದ, ಅಂಗಿ ಬಿಚ್ಚಿ ಓಡಿದ, ಮತ್ತೆ ತೊಟ್ಟುಕೊಂಡ, ಅವನ ಬೆವರೂ ಆರಿತು. ಅಲ್ಲಿಯವರೆಗೂ ಆ ರೆಫರಿ ಕಿವಿಗೆ ಬೆರಳು ಒತ್ತಿಕೊಂಡು ಕಂಬದ ಹಾಗೆ ನಿಂತಿದ್ದ. ಆಮೇಲೆ ಮೈದಾನದ ಅಂಚಿನಲ್ಲಿಟ್ಟ ಟೀವಿಯ ಮುಂದೆ ಬಗ್ಗಿದ. ವಾಪಸು ಬಂದು ಗೋಲ್ ಇಲ್ಲ ಎಂದು ಕೈಯಾಡಿಸಿದ.

ಆಫ್‌ಸೈಡಂತೆ. ಏನು ಆಫ್‌ಸೈಡು? ಕಂಕುಳು! ವಿಡಿಯೋ ಕೋಣೆಯಲ್ಲಿ ಕೂತ ಮಹಾನುಭಾವರು ನಮ್ಮ ಹುಡುಗನ ಕಂಕುಳಿಗೆ ಗೆರೆ ಎಳೆದು ನೋಡಿದರಂತೆ, ಅದು ಎದುರಾಳಿ ಡಿಫೆಂಡರನ ಕಾಲಿಗಿಂತ ಮುಂದಿತ್ತಂತೆ. ಎರಡನೇ ದರ್ಜೆಯ ಲೀಗು, ಇರುವುದೇ ಮೂರು ಕ್ಯಾಮೆರಾ, ಅದರಲ್ಲೊಂದು ಯಾವಾಗಲೂ ನೀರಿನ ಟ್ಯಾಂಕನ್ನೇ ತೋರಿಸುತ್ತಿರುತ್ತದೆ. ಅದರಲ್ಲಿ ಇವರಿಗೆ ಕಂಕುಳು ಕಂಡಿತಂತೆ! ಯಾರ ಕಿವಿಗೆ ಹೂವು ಇಡುತ್ತಿದ್ದಾರೆ?

ಒಂದು–ಸೊನ್ನೆ, ಸೋತೆವು. ಇನ್ನು ಐದು ಪಂದ್ಯ ಉಳಿದಿವೆ. ಪಟ್ಟಿಯಲ್ಲಿ ಕಟ್ಟಕಡೆಗೆ ನಿಂತ ತಂಡ ಮೂರನೇ ದರ್ಜೆಗೆ ಇಳಿಯುತ್ತದೆ, ನಾವೀಗ ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ. ಮೂರನೇ ದರ್ಜೆ ಎಂದರೆ ಯಾವುದೋ ಶಾಲೆಯ ಬಯಲಿನಲ್ಲಿ ಆಟ, ಬೇಲಿಗೆ ಒರಗಿ ನೋಡುವ ನಾವು.

ಆ ರೆಫರಿಗೆ ಲೀಗಿನ ಎಲ್ಲ ಊರುಗಳಲ್ಲೂ ಒಂದೇ ಹೆಸರು, ಗೂಬೆ. ದೊಡ್ಡ ಕಣ್ಣು, ಮೈ ಅಲುಗಿಸದೆ ಕತ್ತು ಮಾತ್ರ ತಿರುಗಿಸುತ್ತಾನೆ. ಇಪ್ಪತ್ತಾರು ವರ್ಷದಿಂದ ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವನು ನಾನು. ಕಣ್ಣಿದ್ದೂ ಕಾಣದವರಲ್ಲಿ ಎಷ್ಟು ಜಾತಿ ಎಂದು ನನಗೆ ಹೇಳಿಕೊಡಬೇಕಾಗಿಲ್ಲ.

ಮಾರ್ಚ್ 3, ಸೋಮವಾರ

ಬೆಳಿಗ್ಗೆಯೇ ಷಡ್ಡಕ ಅಂಗಡಿಗೆ ಬಂದ. ನನ್ನ ನಾದಿನಿಯ ಗಂಡ, ಪ್ಲಂಬರ್. ಯಾರದ್ದೋ ಮನೆಯಲ್ಲಿ ನಲ್ಲಿ ಸೋರುತ್ತಾ ಇದೆ, ಇವನು ಇಲ್ಲಿ ಫೋನ್ ಹಿಡಿದು ಆ ಗೋಲನ್ನು ಹಿಂದೆ ಮುಂದೆ ಓಡಿಸುತ್ತಾ ಕೂತ. ಇಬ್ಬರೂ ಸೇರಿ ನಲವತ್ತಮೂರು ಸಲ ನೋಡಿದೆವು. ನಲವತ್ತಮೂರು ಸಲವೂ ಗೋಲೇ.

"ಅಣ್ಣ, ಇಲ್ಲಿ ನಿಲ್ಸಿ ನೋಡು. ಡಿಫೆಂಡರ್ ಕಾಲು ಎಲ್ಲಿದೆ ನೋಡು!"

ಇವಳು ಕೌಂಟರಿನ ಹಿಂದಿನಿಂದ, "ರೀ, ಆ ಅಜ್ಜಿ ಅರ್ಧ ಗಂಟೆಯಿಂದ ಕೂತಿದಾರೆ. ಅವರ ಕಣ್ಣನ್ನೂ ಒಂದ್ಸಲ ನಿಲ್ಲಿಸಿ ನೋಡ್ತೀರಾ?" ಎಂದಳು. ಅಂಗಡಿಯಲ್ಲಿ ನಮ್ಮ ತಂಡದ ಕೆಂಪು ಶಾಲು ಕೂಡ ನೇತುಹಾಕಲು ಬಿಡುವವಳಲ್ಲ ಇವಳು. ಎಲ್ಲ ತಂಡದವರಿಗೂ ಕಣ್ಣಿರುತ್ತದೆಯಂತೆ.

ಮಾರ್ಚ್ 9, ಭಾನುವಾರ

ಡ್ರಾ. ಬೇರೆ ರೆಫರಿ, ಅದೇ ದರಿದ್ರ. ನಮ್ಮವನನ್ನು ಪೆನಾಲ್ಟಿ ಬಾಕ್ಸಿನೊಳಗೆ ಕೆಡವಿದರು, ವಿಡಿಯೋ ಕೋಣೆಯವರು ಬಾಯಿ ಬಿಡಲಿಲ್ಲ. ತೂಕಡಿಸುತ್ತಿದ್ದರೋ ಏನೋ. ಬೇಡದಾಗ ಕಂಕುಳು ಕಾಣುತ್ತದೆ, ಬೇಕಾದಾಗ ಇಡೀ ಮನುಷ್ಯ ಕಾಣುವುದಿಲ್ಲ. ಇವರ ಯಂತ್ರಕ್ಕಿಷ್ಟು ಬೆಂಕಿ ಹಾಕ.

ಮಾರ್ಚ್ 13, ಗುರುವಾರ

ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಗಲಾಟೆ ಜಾಸ್ತಿಯಾಗಿ ಲೀಗಿನವರು ಆದೇಶ ಹೊರಡಿಸಿದ್ದಾರೆ: ಎಲ್ಲ ರೆಫರಿಗಳೂ ತಿಂಗಳೊಳಗೆ ಹೊಸದಾಗಿ ಕಣ್ಣಿನ ಸರ್ಟಿಫಿಕೇಟ್ ತರಬೇಕು. ಪರೀಕ್ಷಕರ ಪಟ್ಟಿಯಲ್ಲಿ ನನ್ನ ಅಂಗಡಿಯೂ ಇದೆ! ಬಸ್ ಡಿಪೋದ ಡ್ರೈವರುಗಳಿಗೆ ಸರ್ಟಿಫಿಕೇಟ್ ಕೊಡುವವನು ನಾನೇ ಆದ್ದರಿಂದ ಹಾಕಿರಬೇಕು. ಯಾರನ್ನಾದರೂ ಕಳಿಸಿ ನೋಡೋಣ.

ಮಾರ್ಚ್ 18, ಮಂಗಳವಾರ

ಬಂದ! ಗೂಬೆಯೇ ಬಂದ! ನನ್ನ ಕುರ್ಚಿಯಲ್ಲಿ ಕೂತ!

ಹತ್ತೂವರೆಗೆ ಬಾಗಿಲು ತೆರೆಯಿತು. ಮಾಸಿದ ಕೋಟು, ಕೈಯಲ್ಲಿ ಟಿಫಿನ್ ಡಬ್ಬಿ. "ನಮಸ್ಕಾರ ಸಾರ್. ಲೀಗಿನೋರು ಸರ್ಟಿಫಿಕೇಟ್ ಕೇಳಿದಾರೆ. ನಮ್ಮೂರಲ್ಲಿ ಪರೀಕ್ಷೆ ಮಾಡೋನು ನನ್ನ ಭಾಮೈದ. ಸಂಬಂಧಿಕರ ಕೈಯಿಂದ ತಂದ್ರೆ ನಡೆಯಲ್ಲ ಅಂದ್ರು. ಅದಕ್ಕೆ ಎರಡು ಬಸ್ ಬದಲಾಯಿಸಿ ಬಂದೆ." ನಾನು ಯಾವ ತಂಡದವನೆಂದು ಅವನಿಗೆ ಏನು ಗೊತ್ತು? ಕೂತ್ಕೊಳ್ಳಿ ಎಂದೆ. ನನ್ನ ದನಿ ಜೇನಿನ ಹಾಗಿತ್ತು.

ವಾರದ ದಿನಗಳಲ್ಲಿ ಗಣಿತದ ಮೇಷ್ಟ್ರಂತೆ. ಮೂರಕ್ಕೆ ಮೂರು ಕೂಡಿಸಿ ಐದೂಮುಕ್ಕಾಲು ಎನ್ನುತ್ತಾನೇನೋ ಎಂದುಕೊಂಡೆ. ಗೋಡೆಯ ಅಕ್ಷರಪಟ ಓದಿಸಿದೆ. ಕೆಟ್ಟ ಕೋಪ ಬಂತು. ಕೊನೆಯ ಸಾಲು ಓದಿದ್ದಲ್ಲದೆ ಅದರ ಕೆಳಗೆ ಇರುವೆಯಷ್ಟು ಸಣ್ಣಗೆ ಅಚ್ಚಾಗಿರುವ ಪ್ರೆಸ್ಸಿನ ಹೆಸರನ್ನೂ ಓದಿಬಿಟ್ಟ. ಇಪ್ಪತ್ತಾರು ವರ್ಷದಲ್ಲಿ ಅಲ್ಲೊಂದು ಹೆಸರಿದೆ ಎಂದೇ ನಾನು ನೋಡಿರಲಿಲ್ಲ.

ಉಳಿದದ್ದು ಬಟ್ಟಲು. ದೊಡ್ಡ ಬಿಳೀ ಬಟ್ಟಲಿನಂಥ ಯಂತ್ರ. ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕಿಯನ್ನೇ ನೋಡುತ್ತಿರಬೇಕು. ಸುತ್ತ ಎಲ್ಲಾದರೂ ಬೆಳಕು ಮಿಣುಕಿದರೆ ಗುಂಡಿ ಒತ್ತಬೇಕು. ಒತ್ತದ ಜಾಗ ಕಾಗದದಲ್ಲಿ ಕಪ್ಪಾಗಿ ಬರುತ್ತದೆ. ನಲವತ್ತು ದಾಟಿದವರಿಗೆ ಹತ್ತಿರದ ಬೆಳಕು ಸ್ಪಷ್ಟವಾಗಲೆಂದು ಕಣ್ಣಿನ ಮುಂದೆ ಹಿಡಿಕೆಯಲ್ಲೊಂದು ಗಾಜು ನಿಲ್ಲಿಸುತ್ತೇವೆ. ಬಲಗಣ್ಣು ಸ್ವಚ್ಛ. ಎಡಗಣ್ಣಿನ ಕಾಗದ ಹೊರಗೆ ಬಂತು ನೋಡಿ, ಅಂಚಿನಲ್ಲಿ ಕುಡುಗೋಲಿನ ಹಾಗೆ ಕಪ್ಪು ಪಟ್ಟಿ!

"ಎಡಗಣ್ಣಲ್ಲಿ ಒಂದು ಪಕ್ಕ ನಿಮಗೆ ಕಾಣ್ತಾ ಇಲ್ಲ," ಎಂದೆ.

ಅವನ ಮುಖ ಸುಣ್ಣ ಬಳಿದ ಹಾಗಾಯಿತು. "ನಮ್ಮಪ್ಪನಿಗೂ ಎಡಗಣ್ಣಲ್ಲೇ ಶುರುವಾಗಿದ್ದು ಸಾರ್. ಆಮೇಲೆ ಎರಡೂ ಹೋಯ್ತು."

"ದೊಡ್ಡ ಆಸ್ಪತ್ರೆಗೆ ತೋರಿಸ್ಕೊಳ್ಳಿ. ಕಂಡದ್ದನ್ನ ಬರೆಯೋದಷ್ಟೇ ನನ್ನ ಕೆಲಸ." ಅನರ್ಹ ಎಂದು ಬರೆದೆ. ಸೀಲು ಹೊಡೆದೆ. ಇಷ್ಟು ಗಟ್ಟಿಯಾಗಿ ಯಾವ ಕಾಗದಕ್ಕೂ ಸೀಲು ಹೊಡೆದಿರಲಿಲ್ಲ.

ಮಾರ್ಚ್ 19, ಬುಧವಾರ

ಇವಳು ನಿನ್ನೆಯಿಂದ ಮುಖ ಊದಿಸಿಕೊಂಡಿದ್ದಾಳೆ. "ಬಟ್ಟಲಿಗೆ ಮೊದಲನೇ ಸಲ ಮುಖ ಕೊಟ್ಟೋರದ್ದು ಲೆಕ್ಕಕ್ಕಿಲ್ಲ ಅಂತ ನೀವೇ ಹೇಳ್ತೀರಿ. ಗಾಬರೀಲಿ ಕಣ್ಣು ಆಡಿಸ್ತಾರೆ, ಗುಂಡಿ ಮರೀತಾರೆ ಅಂತ. ಎಷ್ಟು ಡ್ರೈವರ್‌ಗಳನ್ನ ಎರಡೆರಡು ಸಲ ಕರೆಸಿಲ್ಲ? ಈ ಮೇಷ್ಟ್ರನ್ನ ಯಾಕೆ ಕರೆಸಲಿಲ್ಲ?"

"ಎರಡನೇ ಸಲ ಮಾಡಲೇಬೇಕು ಅಂತ ಎಲ್ಲೂ ಬರೆದಿಲ್ಲ ಕಣೇ."

"ಬರೆದಿಲ್ಲ. ಆದ್ರೆ ಮಾಡ್ತೀರಿ."

ಹೆಂಗಸರಿಗೆ ಫುಟ್‌ಬಾಲ್ ಅರ್ಥವಾಗುವುದಿಲ್ಲ. ಕಾಗದ ಅಂಚೆಗೆ ಹಾಕಿಬಂದೆ.

ಮಾರ್ಚ್ 23, ಭಾನುವಾರ

ಗೂಬೆ ಅಮಾನತು ಎಂದು ನಿನ್ನೆ ಪೇಪರಿನಲ್ಲಿ ಬಂತು. ಷಡ್ಡಕನ ಬಾಯಿಗೆ ಬೀಗ ಎಲ್ಲಿದೆ? ಇವತ್ತು ಮೈದಾನದ ಸ್ಟ್ಯಾಂಡಿಗೆ ಕಾಲಿಟ್ಟದ್ದೇ ತಡ ನಮ್ಮ ಸಾಲಿನವರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ನನ್ನನ್ನು ಎತ್ತಿ ಕುಣಿಸಿದರು. ಯಾರೋ ಚಹಾ ತಂದುಕೊಟ್ಟರು, ಯಾರೋ ಬೆನ್ನು ಗುದ್ದಿದರು. ಗೆದ್ದೆವು ಕೂಡ, ಎರಡು–ಒಂದು. ಜನ್ಮದಲ್ಲಿ ಇಷ್ಟು ಖುಷಿಯಾಗಿರಲಿಲ್ಲ.

ಮಾರ್ಚ್ 26, ಬುಧವಾರ

ಗೂಬೆ ಫೋನ್ ಮಾಡಿದ್ದ. ಇಂಥವನು ಜಗಳಕ್ಕೆ ಬರುತ್ತಾನೆಂದು ತಯಾರಾಗಿ ಕೂತಿದ್ದೆ. ಬರಲಿಲ್ಲ.

"ಸಾರ್, ತೊಂದರೆ ಕೊಡ್ತಾ ಇದೀನಿ. ದೊಡ್ಡ ಆಸ್ಪತ್ರೆಯಲ್ಲಿ ಏಪ್ರಿಲ್ ಕೊನೆಗೆ ದಿನ ಕೊಟ್ಟಿದಾರೆ. ಅಲ್ಲೀವರೆಗೂ ಇದು ಜಾಸ್ತಿ ಆಗುತ್ತಾ? ನೀವು ಇನ್ನೊಂದ್ಸಲ ನೋಡೋಕಾಗುತ್ತಾ?"

"ಒಂದ್ಸಲ ಬರೆದದ್ದು ಬರೆದದ್ದು. ಗಂಟೆಗೊಂದು ತೀರ್ಪು ಕೊಡೋಕೆ ನಾನೇನು ವಿಡಿಯೋ ರೂಮಲ್ಲಿ ಕೂತಿದೀನಾ?" ಹೇಗೆ ಹೊಳೆಯಿತೋ ಆ ಮಾತು! ಷಡ್ಡಕನಿಗೆ ಹೇಳಿದಾಗ ತೊಡೆ ತಟ್ಟಿಕೊಂಡು ನಕ್ಕ.

ಗೂಬೆ ಮಾತ್ರ, "ಸರಿ ಸಾರ್," ಎಂದ. ಹಿಂದೆ ಯಾರೋ ಹೆಂಗಸು, "ಮೆಟ್ಟಿಲಿದೆ, ನೋಡ್ಕೊಂಡು," ಎನ್ನುವುದು ಕೇಳಿಸಿತು. ಒಂದೊಂದು ಮನೆಯಲ್ಲಿ ಎಲ್ಲದಕ್ಕೂ ನಾಟಕ.

ಮಾರ್ಚ್ 27, ಗುರುವಾರ

ಮಧ್ಯಾಹ್ನ ಡಿಪೋದಿಂದ ಒಬ್ಬ ಹಳೇ ಡ್ರೈವರ್ ಬಂದಿದ್ದ. ಏಳು ವರ್ಷದಿಂದ ನೋಡುತ್ತಿದ್ದೇನೆ, ಹದ್ದಿನ ಕಣ್ಣು. ಬಟ್ಟಲಿಗೆ ಮುಖ ಕೊಟ್ಟ. ಬಲಗಣ್ಣು ಸ್ವಚ್ಛ. ಎಡಗಣ್ಣಿನ ಕಾಗದ ಬಂತು.

ಅಂಚಿನಲ್ಲಿ ಕುಡುಗೋಲಿನ ಹಾಗೆ ಕಪ್ಪು ಪಟ್ಟಿ. ಅದೇ ಜಾಗ, ಅದೇ ಅಳತೆ.

ಹಿಡಿಕೆ ಮುಟ್ಟಿ ನೋಡಿದೆ. ಸ್ಕ್ರೂ ಸಡಿಲ. ಬಲಗಣ್ಣು ಮುಗಿಯುವಷ್ಟರಲ್ಲಿ ಹಿಡಿಕೆ ಬೆರಳಗಲ ಮುಂದಕ್ಕೆ ಜಾರುತ್ತದೆ, ಆಮೇಲೆ ಆ ಗಾಜಿನ ಸುತ್ತಲಿನ ಲೋಹದ ಕಟ್ಟು ಅಂಚಿನ ಬೆಳಕಿಗೆ ಅಡ್ಡ ಬರುತ್ತದೆ. ಕಪ್ಪು ಪಟ್ಟಿ ಕಣ್ಣಿನದ್ದಲ್ಲ, ಕಟ್ಟಿನದ್ದು. ಈ ಕೆಲಸ ಕಲಿಯಲು ಸೇರಿದ ಮೊದಲ ವರ್ಷವೇ ಹೇಳಿಕೊಡುವ ತಪ್ಪು ಇದು. ಕುಡುಗೋಲಿನ ಆಕಾರ ಕಂಡರೆ ಮೊದಲು ಗಾಜು ನೋಡು, ಆಮೇಲೆ ಕಣ್ಣು ನೋಡು ಎಂದು ತಲೆಗೆ ಮೊಟಕಿ ಕಲಿಸಿದ್ದರು.

ಸ್ಕ್ರೂ ಬಿಗಿಮಾಡಿ ಮತ್ತೆ ಪರೀಕ್ಷಿಸಿದೆ. ಡ್ರೈವರನ ಕಣ್ಣು ಕನ್ನಡಿ.

"ಏನಾಯ್ತು ಡಾಕ್ಟ್ರೇ, ಬೆವರ್ತಿದೀರಾ?" ಎಂದ. ಡಾಕ್ಟ್ರಂತೆ. ಒಂದು ಸ್ಕ್ರೂ ಬಿಗಿಮಾಡಲು ಬಾರದ ಡಾಕ್ಟ್ರು.

ಇವಳಿಗೆ ಹೇಳಿಲ್ಲ.

ಮಾರ್ಚ್ 28, ಶುಕ್ರವಾರ

ಇನ್ನೂ ಎಷ್ಟು ಜನಕ್ಕೆ ಹೀಗಾಗಿರಬಹುದು ಎಂದು ರಿಜಿಸ್ಟರ್ ತೆಗೆದು ನೋಡಿದೆ. ಈ ತಿಂಗಳು ಬಟ್ಟಲಿಗೆ ಕೂತ ನಲವತ್ತು ದಾಟಿದವರು ಇಬ್ಬರೇ. ಡ್ರೈವರ್ ಮತ್ತು ಅವನು.

ಫೋನ್ ಮಾಡಬೇಕೆಂದು ನಂಬರ್ ಒತ್ತಿದೆ. ಅಷ್ಟರಲ್ಲಿ ಲೀಗಿನ ವೇಳಾಪಟ್ಟಿ ನೆನಪಾಯಿತು. ಗೋಡೆಯ ಮೇಲೇ ಇದೆ, ರೆಫರಿಗಳ ಹೆಸರಿನ ಸಮೇತ. ಏಪ್ರಿಲ್ 6, ನಮ್ಮ ಕೊನೆಯ ಪಂದ್ಯ: ಗೂಬೆ. ಅಮಾನತಾಗಿರುವುದರಿಂದ ಬೇರೆಯವನು ಬರುತ್ತಾನೆ. ಅವನ ಕಣ್ಣು ಸರಿಯಿದೆ ಎಂದು ನಾನು ಬರೆದುಕೊಟ್ಟರೆ ಅವನೇ ಬರುತ್ತಾನೆ.

ಫೋನ್ ಇಟ್ಟೆ.

ಮಾರ್ಚ್ 30, ಭಾನುವಾರ

ಡ್ರಾ. ಕೊನೆಯ ಪಂದ್ಯದಲ್ಲಿ ಸೋಲದಿದ್ದರೆ ಸಾಕು, ಬಚಾವು. ಸೋತರೆ ಮೂರನೇ ದರ್ಜೆ.

ಷಡ್ಡಕನ ಕಿವಿಗೆ ಹಾಕಿದೆ, ಹಾಕಬಾರದಿತ್ತು. "ಅಣ್ಣ, ನಿಂಗೇನು ತಲೆ ಕೆಟ್ಟಿದ್ಯಾ? ಒಂದು ವಾರ ತೆಪ್ಪಗಿರು. ಏಳನೇ ತಾರೀಕು ಫೋನ್ ಮಾಡಿ ಹೇಳು. ಅವನ ಕಣ್ಣೇನು ವಾರದಲ್ಲಿ ಉದುರಿ ಹೋಗುತ್ತಾ?"

ಅದೂ ಸರಿಯೇ. ಕಣ್ಣು ಚೆನ್ನಾಗಿಯೇ ಇದೆಯಲ್ಲ. ಇಲ್ಲದ ಕಾಯಿಲೆ ಒಂದು ವಾರದಲ್ಲಿ ಜಾಸ್ತಿ ಆಗುವುದಿಲ್ಲ. ಹಿಡಿಕೆಯ ಸ್ಕ್ರೂವನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದೇನೆ. ಇವಳು ನಾನು ಮುಟ್ಟುವುದನ್ನು ನೋಡುತ್ತಿದ್ದಾಳೆ.

ಏಪ್ರಿಲ್ 1, ಮಂಗಳವಾರ

ಗೂಬೆ ಬಂದಿದ್ದ. ಜೊತೆಗೆ ಹೆಂಡತಿ. ಆಕೆ ಅವನ ಎಡಗಡೆಗೇ ನಡೆಯುತ್ತಾಳೆ, ಬಾಗಿಲ ಚೌಕಟ್ಟು ತಗುಲದ ಹಾಗೆ ಅಡ್ಡ ಕೈ ಹಿಡಿದು. ಎರಡು ವಾರದ ಹಿಂದೆ ಒಬ್ಬನೇ ಎರಡು ಬಸ್ ಬದಲಾಯಿಸಿ ಬಂದ ಆಳು!

"ಎಡಗಣ್ಣು ಮುಚ್ಕೊಂಡು ಓಡಾಡೋದು ರೂಢಿ ಮಾಡ್ಕೊಳ್ತಿದೀನಿ ಸಾರ್. ಮುಂದೆ ಕಷ್ಟ ಆಗ್ಬಾರ್ದಲ್ಲ. ಬೋರ್ಡ್ ಮೇಲೆ ಬರೆಯೋದೂ ಹಾಗೇ ಕಲೀತಿದೀನಿ. ಹುಡುಗರು ನಗ್ತಾರೆ, ಇರ್ಲಿ."

ಜೇಬಿನಿಂದ ಒಂದು ಕಾಗದ ತೆಗೆದ. ಲೀಗಿಗೆ ಬರೆದದ್ದು. ರೆಫರಿ ಕೆಲಸಕ್ಕೆ ರಾಜೀನಾಮೆ. ಕೆಳಗೆ ಇನ್ನೊಂದು ಸಾಲು, ಅದನ್ನು ಅವನೇ ಓದಿ ಹೇಳಿದ. "ಮಾರ್ಚ್ ಎರಡನೇ ತಾರೀಕು ಈ ಊರಿನ ತಂಡದ ಗೋಲು ರದ್ದು ಮಾಡಿದ್ದೆ. ಟೀವೀಲಿ ಆಫ್‌ಸೈಡ್ ಅಂತಲೇ ನನಗೆ ಕಂಡಿತ್ತು. ಆದ್ರೆ ಈ ಕಣ್ಣಿಟ್ಕೊಂಡು ಏನು ಕಂಡಿರ್ತೀನಿ ನಾನು? ತಪ್ಪು ನಂದೇ ಅಂತ ಊರಿನೋರ ಕ್ಷಮೆ ಕೇಳಿದೀನಿ. ಪೇಪರಿಗೂ ಕಳಿಸ್ತೀನಿ. ಅದಕ್ಕೆ ನಿಮ್ಮ ಸರ್ಟಿಫಿಕೇಟಿನ ನಕಲು ಒಂದು ಬೇಕಿತ್ತು."

ತಿಂಗಳಿನಿಂದ ನಾನು ಕಾಯುತ್ತಿದ್ದ ಮಾತು. ಗೂಬೆ ನನ್ನ ಮುಂದೆ ಕೈಕಟ್ಟಿ ನಿಂತು ತಪ್ಪೊಪ್ಪಿಕೊಳ್ಳುವುದನ್ನು ಎಷ್ಟು ಸಲ ಕಲ್ಪಿಸಿಕೊಂಡು ನಕ್ಕಿದ್ದೆ. ಈಗ ನಿಂತಿದ್ದಾನೆ, ಕ್ಷಮೆ ಕೇಳುತ್ತಿದ್ದಾನೆ, ಅದೂ ಮಾಡದ ತಪ್ಪಿಗೆ. ನಲವತ್ತಮೂರು ಸಲ ಆ ಗೋಲು ನೋಡಿದವನು ಈ ಮನುಷ್ಯನ ಕಾಗದವನ್ನು ಒಂದು ಸಲವೂ ನೆಟ್ಟಗೆ ನೋಡಲಿಲ್ಲ. ಎಂಥಾ ಪರೀಕ್ಷಕ!

"ಕೂತ್ಕೊಳ್ಳಿ ಮೇಷ್ಟ್ರೇ. ಇನ್ನೊಂದ್ಸಲ ನೋಡೋಣ."

ಕೂತರು. ಗುಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಎಡಗಣ್ಣಿನ ಕಾಗದ ಹೊರಗೆ ಬಂತು. ಬೆಳ್ಳಗೆ, ಒಂದು ಚುಕ್ಕಿ ಕಪ್ಪಿಲ್ಲದೆ. ಅವರ ಹೆಂಡತಿಯ ಕೈಗೇ ಕೊಟ್ಟೆ. ಸ್ಕ್ರೂ ತೋರಿಸಿದೆ, ಹಿಡಿಕೆ ಜಾರಿಸಿ ತೋರಿಸಿದೆ. ತಪ್ಪು ನನ್ನದು ಎಂದೆ. ನಾನು ಕೆಂಪು ತಂಡದವನು, ಅದಕ್ಕೇ ಎರಡನೇ ಸಲ ನೋಡಲಿಲ್ಲ ಎಂಬುದನ್ನೂ ಹೇಳಿದೆ. ಯಾಕೆ ಹೇಳಿದೆನೋ, ಬಾಯಿಗೆ ಬಂದುಬಿಟ್ಟಿತು.

ಆಕೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತರು. ಮೇಷ್ಟ್ರು ಅಳಲಿಲ್ಲ. ಕಾಗದ ಈಸಿಕೊಂಡು ಅಂಚಿನಿಂದ ಅಂಚಿಗೆ ನೋಡಿದರು.

"ನಿಮಗೆ ಯಾವಾಗ ಗೊತ್ತಾಯ್ತು?"

"ಗುರುವಾರ."

ಬೆರಳು ಮಡಿಸಿ ಲೆಕ್ಕ ಹಾಕಿದರು. "ಐದು ದಿನ. ನಾನು ಐದು ನಿಮಿಷ ತಗೊಂಡಿದ್ದಕ್ಕೆ ನಿಮ್ಮೋರು ನಾನು ಕೂತಿದ್ದ ಬಸ್ಸಿಗೆ ಕಲ್ಲು ಹೊಡೆದ್ರು ಸಾರ್."

ಹೆಂಡತಿಯ ಕೈ ಬಿಡಿಸಿಕೊಂಡು ಒಬ್ಬರೇ ಮೆಟ್ಟಿಲಿಳಿದು ಹೋದರು. ಇವಳು ಕೌಂಟರಿನಲ್ಲಿ ತಲೆ ಬಗ್ಗಿಸಿ ಫ್ರೇಮು ಒರೆಸುತ್ತಿದ್ದಳು. ಮಂಗಳಾರತಿ ಎತ್ತಿದ್ದರೆ ಎಷ್ಟೋ ವಾಸಿಯಿತ್ತು.

ಏಪ್ರಿಲ್ 2, ಬುಧವಾರ

ಲೀಗಿಗೆ ಬರೆದೆ. ಪರೀಕ್ಷಕನ ತಪ್ಪು, ಯಂತ್ರದ ತಪ್ಪಲ್ಲ ಎಂದು ಬರೆದೆ. ಯಂತ್ರದ ಮೇಲೆ ಹಾಕಬಹುದಿತ್ತು, ಎಲ್ಲರೂ ಹಾಕುತ್ತಾರೆ.

ಏಪ್ರಿಲ್ 4, ಶುಕ್ರವಾರ

ಪೇಪರಿನಲ್ಲಿ ಬಂತು. ಅಮಾನತು ರದ್ದು, ಭಾನುವಾರಕ್ಕೆ ಅವರೇ. ನನ್ನ ಅಂಗಡಿಯ ಹೆಸರನ್ನು ಲೀಗಿನ ಪಟ್ಟಿಯಿಂದ ತೆಗೆದಿದ್ದಾರೆ. ತೆಗೆಯಲೇಬೇಕು.

ಷಡ್ಡಕ ಅಂಗಡಿಯ ಮುಂದಿನಿಂದಲೇ ಹಾದುಹೋದ, ಒಳಗೆ ಬರಲಿಲ್ಲ. ಬಾಗಿಲಿಗೆ ಯಾರೋ ಚಹಾದ ಗಸಿ ಎರಚಿದ್ದರು. ಆಹಾ, ಏನು ಪೌರುಷ! ಗೆಲ್ಲಲು ಕಾಲಿನಲ್ಲಿ ದಮ್ಮಿಲ್ಲ, ಗಾಜಿನ ಬಾಗಿಲಿನ ಮುಂದೆ ಶೂರರು.

ಏಪ್ರಿಲ್ 6, ಭಾನುವಾರ

ಹೋಗಬೇಡಿ ಎಂದಳು ಇವಳು. ಹೋದೆ.

ನಮ್ಮ ಸಾಲಿನಲ್ಲಿ ನನಗೆ ಜಾಗ ಬಿಟ್ಟಿದ್ದರು, ಎರಡೂ ಪಕ್ಕ ಒಬ್ಬೊಬ್ಬರು ಕೂರುವಷ್ಟು ಖಾಲಿ. ಷಡ್ಡಕ ಆ ಖಾಲಿಯ ಆಚೆ ಕೂತಿದ್ದ. ಎಂಬತ್ತೆರಡು ನಿಮಿಷ ಸೊನ್ನೆ–ಸೊನ್ನೆ. ನಮ್ಮವರ ಆಟವನ್ನು ಆಟ ಎನ್ನುವವರ ಬಾಯಿಗೆ ಮಣ್ಣು. ಹನ್ನೊಂದು ಜನ ಗೋಲಿನ ಮುಂದೆ ಗೋಡೆ ಕಟ್ಟಿಕೊಂಡು, ಚೆಂಡು ಬಂದರೆ ಗುಡ್ಡದಾಚೆಗೆ ಹಾರಿಸಿದರೆ ಸಾಕೆಂದು ನಿಂತಿದ್ದರು. ಇದಕ್ಕಾಗಿ ನಾನು ಒಬ್ಬ ಮನುಷ್ಯನನ್ನು ಎರಡು ವಾರ ಕುರುಡನನ್ನಾಗಿ ಮಾಡಿದ್ದೆ.

ಎಂಬತ್ತಮೂರನೇ ನಿಮಿಷ. ಮೂಲೆಯಿಂದ ಚೆಂಡು ಬಂತು, ನಮ್ಮ ನಾಲ್ಕನೇ ನಂಬರಿನವನು ಎಗರಿದ, ಚೆಂಡು ಅವನ ಕೈಗೆ ಬಡಿದು ಹೊರಗೆ ಹೋಯಿತು. ಮೊಣಕೈಗಿಂತ ಕೆಳಗೆ, ಎತ್ತಿದ ಕೈಗೆ. ನಾನು ಕಂಡೆ. ಮೇಷ್ಟ್ರೂ ಕಂಡರು. ಸೀಟಿ ಊದಿ ಪೆನಾಲ್ಟಿ ಎಂದು ಬೆರಳು ತೋರಿಸಿದರು. ವಿಡಿಯೋ ಕೋಣೆಯವರು ಯಾಕೆ ಸುಮ್ಮನಿರುತ್ತಾರೆ, ಕರೆದರು. ಮೇಷ್ಟ್ರು ಟೀವಿಯ ಮುಂದೆ ಹೋಗಿ ನಿಂತರು. ಬಾಟಲಿಗಳು ಬಿದ್ದವು. ಅವರು ಬೆನ್ನು ಕೊಡವಲಿಲ್ಲ, ತಿರುಗಿಯೂ ನೋಡಲಿಲ್ಲ. ಈ ಸಲ ಗಡಿಯಾರ ನೋಡುವುದು ನನಗೆ ನೆನಪಾಗಲಿಲ್ಲ.

ವಾಪಸು ಬಂದು ಅದೇ ಬೆರಳನ್ನು ಅಲ್ಲಿಗೇ ತೋರಿಸಿದರು. ಪೆನಾಲ್ಟಿ.

ಇಡೀ ಸ್ಟ್ಯಾಂಡ್ ಎದ್ದು ನಿಂತಿತು. ಅಪ್ಪ ಅಮ್ಮ ಅಕ್ಕ ತಂಗಿ ಯಾರನ್ನೂ ಬಿಡದೆ ಬೈದರು. ಷಡ್ಡಕ ಬೆಂಚು ಹತ್ತಿ, ಕತ್ತಿನ ನರ ಉಬ್ಬಿಸಿಕೊಂಡು, "ಲೋ ಕುರುಡಾ! ಹೋಗಿ ಕಣ್ಣು ತೋರಿಸ್ಕೊಳೋ!" ಎಂದು ಕಿರುಚಿದ.

ನಾನೂ ಬೆಂಚು ಹತ್ತಿದೆ. "ತೋರಿಸಿದಾರೆ ಕಣೋ!" ಎಂದು ಕೂಗಿದೆ. "ನಂಗೇ ತೋರಿಸಿದಾರೆ! ಎರಡು ಸಲ! ಎರಡು ಕಣ್ಣೂ ಸರಿಯಾಗಿವೆ! ಕೈಗೆ ಬಡೀತು, ನಾನೂ ನೋಡ್ದೆ!"

ಮೊದಲು ನಮ್ಮ ಸಾಲು, ಹಿಂದಿನ ಸಾಲು, ಅದರ ಹಿಂದಿನದ್ದು, ಎಲ್ಲರೂ ಮೈದಾನದ ಕಡೆಗೆ ಬೆನ್ನು ತಿರುಗಿಸಿ ನನ್ನನ್ನು ಬೈಯಲು ಶುರುಮಾಡಿದರು. ಅತ್ತ ಪೆನಾಲ್ಟಿ ಹೊಡೆದದ್ದನ್ನು ನಮ್ಮಲ್ಲಿ ಒಬ್ಬರೂ ನೋಡಲಿಲ್ಲ.